ಮನೆಯ ಅಜ್ಜಿ, ವಾರ್ಡಿನ ಅಜ್ಜಿ: ನರ್ಸಿಂಗ್ ವಿದ್ಯಾರ್ಥಿಗಳ ಮನಸ್ಸು ಎಲ್ಲಿ ತಿರುಗುತ್ತದೆ?

ನರ್ಸಿಂಗ್ ಕೋರ್ಸಿಗೆ ಸೇರುವ ಮಲೆನಾಡಿನ ಮಕ್ಕಳಿಗೆ ವಯಸ್ಸಾದವರು ಹೊಸಬರಲ್ಲ. ಹೊಸನಗರ, ತೀರ್ಥಹಳ್ಳಿ, ಸಾಗರ, ಸೊರಬದ ಹಳ್ಳಿಮನೆಗಳಲ್ಲಿ ಅಜ್ಜಿಯ ಪಕ್ಕ ಮಲಗಿ, ಅಜ್ಜನ ಎಲೆ-ಅಡಿಕೆ ಚೀಲ ಹುಡುಕಿಕೊಟ್ಟು ಬೆಳೆದವರು ತರಗತಿಯಲ್ಲಿ ಧಾರಾಳವಾಗಿ ಸಿಗುತ್ತಾರೆ. ಹಿರಿಯರ ಬಗ್ಗೆ ಏನನ್ನಿಸುತ್ತದೆ ಎಂದು ಮೊದಲ ವರ್ಷ ಕೇಳಿದರೆ ಒಳ್ಳೆಯ ಮಾತೇ ಬರುತ್ತದೆ. ಕೊನೆಯ ವರ್ಷದಲ್ಲಿ, ಯಾವ ವಾರ್ಡಿನ ಕೆಲಸ ಬೇಕು ಎಂದು ಕೇಳುವ ಹೊತ್ತಿಗೆ, ಐಸಿಯು, ಆಪರೇಷನ್ ಥಿಯೇಟರ್, ಮಕ್ಕಳ ವಾರ್ಡು ಮುಂದೆ ಬಂದು ವಯಸ್ಸಾದವರ ಆರೈಕೆ ಪಟ್ಟಿಯ ತಳಕ್ಕೆ ಹೋಗಿರುತ್ತದೆ. ಇದು ನಮ್ಮ ಕಡೆ ಮಾತ್ರ ಹೀಗೆ ಎಂದುಕೊಳ್ಳಬೇಕಿಲ್ಲ. ಆಸ್ಟ್ರೇಲಿಯಾದಲ್ಲಿ ವಿದ್ಯಾರ್ಥಿಗಳನ್ನು ಕೋರ್ಸಿನ ಆರಂಭದಲ್ಲೂ ಕೊನೆಯಲ್ಲೂ ಕೇಳಿ ನೋಡಿದ ಅಧ್ಯಯನಗಳಲ್ಲಿ ಓದು ಮುಂದುವರಿದಂತೆ ಈ ಆಸಕ್ತಿ ಇಳಿದದ್ದು ಕಂಡಿದೆ.

ಅಂದರೆ ಪ್ರೀತಿ ಕಾಲೇಜಿಗೆ ಬರುವಾಗ ಇರುತ್ತದೆ, ಕಾಲೇಜಿನಲ್ಲಿರುವಾಗ ಸೋರಿಹೋಗುತ್ತದೆ. ಈಗಿನ ಮಕ್ಕಳಿಗೆ ಹಿರಿಯರೆಂದರೆ ಗೌರವವಿಲ್ಲ ಎಂದು ದೂರುವುದು ಸುಲಭ, ಆದರೆ ಆ ದೂರಿನಲ್ಲಿ ಹುರುಳಿಲ್ಲ. ಹೇಗೆ ಮಾಡಬೇಕೆಂದು ಕಲಿಸದೆ, ಸಮಯವನ್ನೂ ಕೊಡದೆ, ಅಂಕವನ್ನೂ ಇಡದೆ ಒಂದು ಕೆಲಸವನ್ನು ಹೊರಿಸಿದರೆ ಯಾರಿಗಾದರೂ ಅದು ಹೊರೆಯಾಗುತ್ತದೆ.

2011ರ ಜನಗಣತಿಯ ಹೊತ್ತಿಗೇ ಕರ್ನಾಟಕದಲ್ಲಿ 60 ದಾಟಿದವರು ಶೇ 9.5ರಷ್ಟಿದ್ದರು, ದೇಶದ ಸರಾಸರಿ ಶೇ 8.6. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿಯ ಅಂದಾಜಿನಂತೆ 2050ಕ್ಕೆ ದೇಶದ ಐವರಲ್ಲಿ ಒಬ್ಬರು ಹಿರಿಯ ನಾಗರಿಕರು. ಮಲೆನಾಡಿನಲ್ಲಿ ಇದನ್ನು ತಿಳಿಯಲು ಲೆಕ್ಕ ಬೇಕಿಲ್ಲ. ಮಕ್ಕಳು ಬೆಂಗಳೂರು ಸೇರಿ, ತೋಟದ ಮನೆಯಲ್ಲಿ ಇಬ್ಬರೇ ಉಳಿದು, ಇಬ್ಬರಲ್ಲಿ ಒಬ್ಬರು ಬಿದ್ದರೆ ಇನ್ನೊಬ್ಬರು ಫೋನು ಹಿಡಿದು ಜಗಲಿಯಲ್ಲಿ ಸಿಗ್ನಲ್ ಹುಡುಕುವ ಮನೆಗಳು ಪ್ರತಿ ಊರಿನಲ್ಲೂ ಇವೆ. ಅವರು ಕೊನೆಗೆ ಬಂದು ಸೇರುವುದು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಶಿವಮೊಗ್ಗದ ದೊಡ್ಡ ಸರ್ಕಾರಿ ಆಸ್ಪತ್ರೆಯಾದ ಮೆಗ್ಗಾನ್‌ಗೆ ಅಥವಾ ಯಾವುದಾದರೂ ಖಾಸಗಿ ಆಸ್ಪತ್ರೆಗೆ.

ಅಳೆಯುವ ಕೋಲಿನದೇ ತಕರಾರು

ಈ ವಿಷಯದ ಮೇಲೆ ನಡೆಯುವ ಅಧ್ಯಯನಗಳಲ್ಲಿ, ನರ್ಸಿಂಗ್ ಎಂಎಸ್ಸಿಯ ಪ್ರಬಂಧಗಳೂ ಸೇರಿ, ಮತ್ತೆ ಮತ್ತೆ ಬಳಕೆಯಾಗುವುದು ನೇಥನ್ ಕೋಗನ್ 1961ರಲ್ಲಿ ಪ್ರಕಟಿಸಿದ ಮಾಪಕ. ವಯಸ್ಸಾದವರ ಬಗ್ಗೆ 34 ಹೇಳಿಕೆಗಳು. 17 ಒಳ್ಳೆಯ ಅರ್ಥದವು, 17 ಕೆಟ್ಟ ಅರ್ಥದವು. ಒಪ್ಪುತ್ತೀರಾ, ಎಷ್ಟು ಒಪ್ಪುತ್ತೀರಾ ಎಂದು ಗುರುತು ಹಾಕಬೇಕು. ಇದರಲ್ಲಿ ಎರಡು ತೊಂದರೆಗಳಿವೆ.

ಮೊದಲನೆಯದು ಕನ್ನಡದ್ದು. ಮೂಲದ 'ಓಲ್ಡ್ ಪೀಪಲ್' ಎಂಬ ಪದಕ್ಕೆ 'ಹಿರಿಯರು' ಎಂದು ಹಾಕಿದರೆ ಆ ಪದದೊಳಗೇ ಗೌರವ ಕೂತಿದೆ. 'ಹಿರಿಯರು ಕಿರಿಕಿರಿ ಮಾಡುತ್ತಾರೆ' ಎಂಬುದಕ್ಕೆ ಹೌದೆನ್ನಲು ಯಾವ ವಿದ್ಯಾರ್ಥಿಗೂ ಪೆನ್ನು ಏಳುವುದಿಲ್ಲ. 'ಮುದುಕರು' ಎಂದು ಹಾಕಿದರೆ ಪದವೇ ಒರಟು. 'ವೃದ್ಧರು' ಎಂದರೆ ವೃದ್ಧಾಶ್ರಮ, ವೃದ್ಧಾಪ್ಯ ವೇತನ ನೆನಪಾಗಿ ಕನಿಕರ ಹುಟ್ಟುತ್ತದೆ. ಅನುವಾದಕರು ಯಾವ ಪದ ಆರಿಸಿದರು ಎಂಬುದರ ಮೇಲೆ ಅಂಕ ಮೇಲೆ ಕೆಳಗೆ ಆಗಬಹುದು. ಪ್ರಶ್ನಾವಳಿ ಹಂಚುವವರು ತಮ್ಮದೇ ಕಾಲೇಜಿನ ಮೇಡಂ ಆಗಿದ್ದರಂತೂ ಉತ್ತರ ಇನ್ನಷ್ಟು ಸಭ್ಯವಾಗುತ್ತದೆ.

ಎರಡನೆಯದು ಇದಕ್ಕಿಂತ ದೊಡ್ಡದು. ಮಾಪಕ ಕೇಳುವುದು ವಯಸ್ಸಾದ ಜನರ ಬಗ್ಗೆ. ನಮಗೆ ತಿಳಿಯಬೇಕಾದದ್ದು ಅವರ ಆರೈಕೆಯ ಕೆಲಸದ ಬಗ್ಗೆ. ಅಜ್ಜಿಯನ್ನು ಪ್ರೀತಿಸುವುದೂ ಅಜ್ಜಿಯ ಡಯಾಪರ್ ಬದಲಿಸಿ, ಚರ್ಮ ನೋಡಿ, ಕಂಡದ್ದನ್ನು ಕೇಸ್ ಶೀಟಿನಲ್ಲಿ ಬರೆಯುವುದೂ ಬೇರೆ ಬೇರೆ. ಮೊದಲನೆಯದರಲ್ಲಿ ಹೆಚ್ಚು ಅಂಕ ಬಂತೆಂದು 'ವಿದ್ಯಾರ್ಥಿಗಳ ಮನೋಭಾವ ಸಕಾರಾತ್ಮಕವಾಗಿದೆ' ಎಂದು ಬರೆದು ಮುಗಿಸುವ ಪ್ರಬಂಧಗಳಿಂದ ವಾರ್ಡಿನಲ್ಲಿರುವ ಅಜ್ಜಿಗೆ ಏನೂ ದಕ್ಕುವುದಿಲ್ಲ.

ಬೆಳಗಿನ ಐದು ಗಂಟೆಗಳ ಲೆಕ್ಕ

ಮನಸ್ಸು ತಿರುಗುವುದು ವಾರ್ಡಿನ ತರಬೇತಿಯಲ್ಲಿ, ಅಂದರೆ ಪೋಸ್ಟಿಂಗ್‌ನಲ್ಲಿ. ವಿದ್ಯಾರ್ಥಿಯ ಬೆಳಗಿನ ಪಾಳಿ ಎಂಟರಿಂದ ಒಂದರವರೆಗೆ ಎಂದಿಟ್ಟುಕೊಳ್ಳಿ. ಬೆಡ್ ಮೇಕಿಂಗ್, ವೈಟಲ್ಸ್ (ನಾಡಿ, ಬಿ.ಪಿ., ಜ್ವರ ನೋಡುವುದು), ಔಷಧಿ, ರೌಂಡ್ಸ್, ಕೇರ್ ಪ್ಲಾನ್ (ಆರೈಕೆಯ ಯೋಜನೆ ಬರೆಯುವುದು). ಲಾಗ್ ಬುಕ್ಕಿನಲ್ಲಿ ಇಷ್ಟು ಇಂಜೆಕ್ಷನ್, ಇಷ್ಟು ಕ್ಯಾಥೆಟರ್ (ಮೂತ್ರದ ನಳಿಕೆ), ಇಷ್ಟು ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸುವ ನಳಿಕೆ) ಎಂದು ಸಹಿ ತುಂಬಬೇಕು. ಯುವ ರೋಗಿ ತಾನೇ ಎದ್ದು ಸ್ನಾನ ಮಾಡಿ ಬರುತ್ತಾನೆ. ಎಂಬತ್ತರ ಅಜ್ಜಿಗೆ ಹಾಸಿಗೆಯಲ್ಲೇ ಮೈ ಒರೆಸಲು ಅರ್ಧ ಗಂಟೆಗೂ ಮೇಲೆ ಬೇಕು. ನುಂಗಲು ಕಷ್ಟಪಡುವವರಿಗೆ ಗಂಜಿ ತಿನ್ನಿಸಲು ಇನ್ನೊಂದು ಅರ್ಧ ಗಂಟೆ. ಇವೆರಡಕ್ಕೂ ಲಾಗ್ ಬುಕ್ಕಿನಲ್ಲಿ ಇಂಜೆಕ್ಷನ್ನಿನಷ್ಟು ತೂಕವಿಲ್ಲ. ಬೋಧನಾ ಆಸ್ಪತ್ರೆಯಲ್ಲಿ ಮೂರು ರೋಗಿಗಳಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬರು ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ವಾರ್ಡಿನಲ್ಲಿ ನಿಂತು ಎಣಿಸಿದರೆ ಆ ಲೆಕ್ಕ ಕೂಡಿಬರುವ ದಿನ ಅಪರೂಪ. ಹೀಗಾಗಿ ವಯಸ್ಸಾದ ರೋಗಿ ಎಂದರೆ 'ಟೈಮ್ ತಿನ್ನುವ ಕೇಸ್' ಎಂಬ ಭಾವನೆ ಯಾರೂ ಹೇಳಿಕೊಡದೆ ಬೇರೂರುತ್ತದೆ.

ಪಠ್ಯಕ್ರಮವೂ ಇದಕ್ಕೆ ನೀರೆರೆಯುತ್ತದೆ. ಬಿಎಸ್ಸಿ ನರ್ಸಿಂಗ್‌ನಲ್ಲಿ ಮಕ್ಕಳ ಆರೈಕೆ ಪ್ರತ್ಯೇಕ ವಿಷಯ, ಹೆರಿಗೆ ಪ್ರತ್ಯೇಕ ವಿಷಯ, ಮಾನಸಿಕ ಆರೋಗ್ಯ ಪ್ರತ್ಯೇಕ ವಿಷಯ. ವೃದ್ಧರ ಆರೈಕೆ ಹಳೆಯ ಪಠ್ಯದಲ್ಲಿ ಮೆಡಿಕಲ್ ಸರ್ಜಿಕಲ್ ನರ್ಸಿಂಗ್‌ನ ಒಳಗಿನ ಒಂದು ಘಟಕವಾಗಿತ್ತು. 2021-22ರಿಂದ ಬಂದ ಸೆಮಿಸ್ಟರ್ ಪದ್ಧತಿಯಲ್ಲಿ 'ಅಡಲ್ಟ್ ಹೆಲ್ತ್ ನರ್ಸಿಂಗ್' ಎರಡನೇ ಭಾಗದ ಹೆಸರಿನಲ್ಲಿ ಜೀರಿಯಾಟ್ರಿಕ್ ನರ್ಸಿಂಗ್ (ವೃದ್ಧರ ಆರೈಕೆ) ಎಂಬುದೂ ಇದೆ, ಪ್ಯಾಲಿಯೇಟಿವ್ ಕೇರ್ (ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆ) ಮಾಡ್ಯೂಲ್ ಜೊತೆಯಾಯಿತು. ಇದು ಒಳ್ಳೆಯ ಹೆಜ್ಜೆ. ಆದರೂ ಕಿವಿ, ಮೂಗು, ಕಣ್ಣು, ಮೂತ್ರಪಿಂಡ, ಕ್ಯಾನ್ಸರ್, ಸುಟ್ಟಗಾಯಗಳ ಸಾಲಿನಲ್ಲಿ ಅದೂ ಒಂದಾಗಿ ನಿಂತಿದೆ. ಪರೀಕ್ಷೆಗೆ ಮುಂಚೆ ಭಾಗಗಳು ಉಳಿದುಹೋದಾಗ ಯಾವುದನ್ನು ಓಡಿಸುತ್ತಾರೆ ಎಂಬುದು ವಿದ್ಯಾರ್ಥಿಗಳಿಗೆ ಗೊತ್ತು.

'ವಯಸ್ಸಾಯ್ತಲ್ಲ' ಎಂಬ ರೋಗನಿರ್ಣಯ

ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಎಲ್ಲರ ನಾಲಗೆಯ ಮೇಲಿದೆ. ವಾರ್ಡಿನಲ್ಲಿ ಈ ಗಾದೆಯಷ್ಟು ಅಪಾಯ ಮಾಡುವ ಮಾತು ಇನ್ನೊಂದಿಲ್ಲ.

ಸೊಂಟದ ಮೂಳೆ ಮುರಿದು ಆಪರೇಷನ್ ಆದ ಅಜ್ಜಿ. ಎರಡು ದಿನ ಮಾತಾಡುತ್ತಿದ್ದವರು ಮೂರನೇ ದಿನ ಸುಮ್ಮನಾಗುತ್ತಾರೆ. ಕರೆದರೆ ಕಣ್ಣು ಬಿಡುತ್ತಾರೆ, ಮತ್ತೆ ಮುಚ್ಚುತ್ತಾರೆ. ಊಟ ಅರ್ಧಕ್ಕೆ ಬಿಟ್ಟಿದ್ದಾರೆ. ಹೊದಿಕೆಯ ಅಂಚನ್ನು ಬೆರಳಿನಿಂದ ಕೀಳುತ್ತಿರುತ್ತಾರೆ. ವಿದ್ಯಾರ್ಥಿ ನೋಟ್ಸಿನಲ್ಲಿ ಬರೆಯುವುದು: 'ರೋಗಿ ನೆಮ್ಮದಿಯಾಗಿ ಮಲಗಿದ್ದಾರೆ'. ಮನೆಯವರು ಹೇಳುವುದು: 'ವಯಸ್ಸಾಯ್ತಲ್ಲ'. ಇದು ಡಿಲೀರಿಯಂ, ಅಂದರೆ ಹಠಾತ್ ಬರುವ ಬುದ್ಧಿ ಗಲಿಬಿಲಿ. ಕೂಗಾಡುವ ಬಗೆಯದಾದರೆ ಎಲ್ಲರಿಗೂ ಕಾಣುತ್ತದೆ. ಸುಮ್ಮನಾಗುವ ಬಗೆಯದು ಯಾರಿಗೂ ತೊಂದರೆ ಕೊಡುವುದಿಲ್ಲ, ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ಬೆಳೆಯುವಂಥದ್ದು. ಇದು ಗಂಟೆ, ದಿನಗಳಲ್ಲಿ ಬರುವಂಥದ್ದು, ಹೊತ್ತು ಹೊತ್ತಿಗೆ ಏರಿಳಿಯುವಂಥದ್ದು. ಹಿಂದೆ ಕಾರಣವೊಂದು ಇದ್ದೇ ಇರುತ್ತದೆ.

ಆ ಕಾರಣ ಹುಡುಕುವುದು ನರ್ಸಿನ ಕೈಯಲ್ಲಿರುವ ಕೆಲಸ. ಮೊದಲು ರಕ್ತದ ಸಕ್ಕರೆ ಮತ್ತು ಆಮ್ಲಜನಕದ ಮಟ್ಟ. ಆಮೇಲೆ ಹೊಟ್ಟೆಯ ಕೆಳಭಾಗ ಮುಟ್ಟಿ ಮೂತ್ರ ಕಟ್ಟಿದೆಯೇ ಎಂದು ನೋಡುವುದು, ಕೊನೆಯ ಬಾರಿ ಮಲವಿಸರ್ಜನೆ ಎಂದು ಆಯಿತೆಂದು ಕೇಳುವುದು. ನಿನ್ನೆಯಿಂದ ಹೊಸದಾಗಿ ಯಾವ ಔಷಧಿ ಶುರುವಾಗಿದೆ? ನಿದ್ದೆ ಮಾತ್ರೆ, ನೆಗಡಿಗೆ ಕೊಡುವ ಕ್ಲೋರ್‌ಫೆನಿರಮಿನ್‌ನಂಥ ಹಳೆಯ ಮಾತ್ರೆಗಳು ವಯಸ್ಸಾದವರ ಬುದ್ಧಿಯನ್ನು ಸುಲಭವಾಗಿ ಕೆಡಿಸುತ್ತವೆ. ನೀರು ಎಷ್ಟು ಕುಡಿದರು? ನೋವಿಗೆ ಏನಾದರೂ ಕೊಟ್ಟಿದೆಯೇ? ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರ ಬ್ಯಾಗಿನೊಳಗೇ ಉಳಿದಿವೆಯೇ? ಜ್ವರ ಇಲ್ಲ ಎಂದ ಮಾತ್ರಕ್ಕೆ ಸೋಂಕಿಲ್ಲ ಎಂದಲ್ಲ; ಈ ವಯಸ್ಸಿನಲ್ಲಿ ನ್ಯುಮೋನಿಯಾ ಕೂಡ ಬರೀ ಗಲಿಬಿಲಿಯಾಗಿ ಕಾಣಿಸಿಕೊಳ್ಳಬಹುದು. ಮಂಗನ ಕಾಯಿಲೆಯ ಕಾಲದಲ್ಲಿ, ಡಿಸೆಂಬರಿನಿಂದ ಮೇವರೆಗೆ, ಕಾಡಿನಂಚಿನ ಊರಿನಿಂದ ಬಂದ ಹಿರಿಯರಿಗೆ ಜ್ವರ ಬಿಟ್ಟು ಮತ್ತೆ ಬಂದು ಜೊತೆಗೆ ಗಲಿಬಿಲಿಯೂ ಇದ್ದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಆ ಕಾಯಿಲೆಯ ಎರಡನೇ ಹಂತದಲ್ಲಿ ಕೆಲವರ ಮಿದುಳಿಗೂ ಏಟು ಬೀಳುತ್ತದೆ.

ಪತ್ತೆಗೆ 'ಫೋರ್ ಎ ಟಿ' ಎಂಬ ಚಿಕ್ಕ ಪರೀಕ್ಷೆ ಇದೆ. ಎಚ್ಚರದ ಮಟ್ಟ; ವಯಸ್ಸು, ಹುಟ್ಟಿದ ದಿನ, ಈಗಿರುವ ಜಾಗ, ಈಗಿನ ವರ್ಷ ಎಂಬ ನಾಲ್ಕು ಪ್ರಶ್ನೆ; ತಿಂಗಳುಗಳನ್ನು ಹಿಂದುಮುಂದಾಗಿ ಹೇಳಿಸುವುದು; ಬದಲಾವಣೆ ಹಠಾತ್ ಆದದ್ದೇ ಎಂಬುದು. ಒಟ್ಟು ನಾಲ್ಕು ಅಥವಾ ಹೆಚ್ಚು ಅಂಕ ಬಂದರೆ ಡಿಲೀರಿಯಂ ಇರಬಹುದು. ನಮ್ಮ ಕಡೆ ಇದು ಎಡವುವುದು ಹುಟ್ಟಿದ ದಿನದಲ್ಲಿ. ಶಾಲೆಗೆ ಹೋಗದ ಅಜ್ಜಿಗೆ ಅದು ಎಂದೂ ಗೊತ್ತಿರಲಿಲ್ಲ; ಆಧಾರ್ ಕಾರ್ಡಿನಲ್ಲಿರುವುದು ಯಾರೋ ಅಂದಾಜಿನಲ್ಲಿ ಬರೆಸಿದ ತಾರೀಖು. ತಪ್ಪು ಹೇಳಿದರೆಂದು ಅಂಕ ಹಾಕುವ ಮೊದಲು, ಆಸ್ಪತ್ರೆಗೆ ಬರುವ ಮುಂಚೆ ಅವರಿಗೆ ಅದು ಗೊತ್ತಿತ್ತೇ ಎಂದು ಮನೆಯವರನ್ನು ಕೇಳಬೇಕು. ಇಂಗ್ಲಿಷ್ ತಿಂಗಳು ಬಾರದವರಿಗೆ ವಾರದ ದಿನಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಿಸಬಹುದು. ಮಾತುಕತೆಗೆ ಇನ್ನೂ ಚೆನ್ನಾದ ಪ್ರಶ್ನೆಯೊಂದಿದೆ: 'ಅಜ್ಜಾ, ಈಗ ಯಾವ ಮಳೆ ನಡೀತಿದೆ?' ತಾರೀಖು ತಿಳಿಯದ ಕೃಷಿಕರಿಗೂ ಆರಿದ್ರಾ ಮುಗಿದು ಪುನರ್ವಸು ಹಿಡಿಯಿತೇ ಎಂಬುದು ಗೊತ್ತಿರುತ್ತದೆ. ಇದಕ್ಕೆ ಅಂಕವಿಲ್ಲ, ಮಾಪಕದ ಜಾಗದಲ್ಲಿ ಇದನ್ನು ಕೂರಿಸಲೂ ಬಾರದು. ಆದರೆ ನಿನ್ನೆ ಸರಿಯಾಗಿ ಹೇಳಿದವರು ಇಂದು ತಡವರಿಸಿದರೆ ಅದು ಸಣ್ಣ ಸುಳಿವಲ್ಲ.

ಇಷ್ಟನ್ನು ಕಲಿತ ವಿದ್ಯಾರ್ಥಿ ಒಮ್ಮೆ ಇಂಥ ಅಜ್ಜಿಯಲ್ಲಿ ಮೂತ್ರ ಕಟ್ಟಿದ್ದನ್ನು ತಾನೇ ಗುರುತಿಸಿ, ಕ್ಯಾಥೆಟರ್ ಹಾಕಿಸಿ, ಮಾರನೆಯ ದಿನ ಅವರು ಎದ್ದು ಕೂತು 'ಕಾಫಿ ಇಲ್ವಾ?' ಎಂದದ್ದನ್ನು ಕೇಳಿದರೆ, ವೃದ್ಧರ ವಾರ್ಡೆಂದರೆ ಬೇಸರ ಎಂಬ ಮಾತು ಅಲ್ಲಿಗೆ ಸಡಿಲವಾಗುತ್ತದೆ. ಐಸಿಯುವಿನಲ್ಲಿ ಸಿಗುವ ರೋಮಾಂಚನ ಇಲ್ಲೂ ಇದೆ.

ಬೆನ್ನಿಗೆ ಸ್ಪಿರಿಟ್, ಬಾಯಲ್ಲಿ ಅಡಿಕೆ

ತಪ್ಪಾಗಿ ಕಲಿಸಿದ ಕೆಲಸವೂ ಮನಸ್ಸನ್ನು ಕೆಡಿಸುತ್ತದೆ. ಬ್ಯಾಕ್ ಕೇರ್ ಎಂದರೆ ಬೆನ್ನಿಗೆ ಸ್ಪಿರಿಟ್ ಹಚ್ಚಿ, ಚೆನ್ನಾಗಿ ಉಜ್ಜಿ, ಪೌಡರ್ ಉದುರಿಸುವುದು ಎಂದು ದಶಕಗಳಿಂದ ನಡೆದುಬಂದಿದೆ. ಸ್ಪಿರಿಟ್ ಮೊದಲೇ ಒಣಗಿದ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ. ಕೆಂಪಾದ ಜಾಗವನ್ನು ಉಜ್ಜಿದರೆ ಅಡಿಯಲ್ಲಿ ನಲುಗಿರುವ ಸಣ್ಣ ರಕ್ತನಾಳಗಳು ಹರಿಯುತ್ತವೆ. ಪೌಡರ್ ಬೆವರಿನಲ್ಲಿ ಕಲಸಿ ಗಂಟುಗಟ್ಟಿ ಚರ್ಮವನ್ನು ತರಚುತ್ತದೆ. ನಿಷ್ಠೆಯಿಂದ ದಿನವೂ ಇದನ್ನು ಮಾಡಿದ ವಿದ್ಯಾರ್ಥಿ, ವಾರದ ಕೊನೆಗೆ ಬೆಡ್ ಸೋರ್ (ಮಲಗಿದಲ್ಲೇ ಒತ್ತಿ ಆಗುವ ಹುಣ್ಣು) ಆದಾಗ, ಏನು ಮಾಡಿದರೂ ಇವರಿಗೆ ಹೀಗೇ ಎಂಬ ತೀರ್ಮಾನಕ್ಕೆ ಬರುತ್ತಾಳೆ.

ಸರಿಯಾದ ಕ್ರಮ ಹೀಗೆ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ತೆಳುವಾಗಿ ಮಾಯಿಶ್ಚರೈಸರ್ ಹಚ್ಚುವುದು. ಬೆನ್ನಿನ ಕೆಳಗಿನ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ ಇವನ್ನು ಪ್ರತಿ ಬಾರಿ ನೋಡುವುದು. ಕೆಂಪಾದ ಕಡೆ ಬೆರಳಿನಿಂದ ಮೂರು ಸೆಕೆಂಡ್ ಒತ್ತಿ ಬಿಟ್ಟಾಗ ಬಿಳಿಚದೆ ಕೆಂಪಾಗೇ ಉಳಿದರೆ ಅದು ಮೊದಲ ಹಂತದ ಹುಣ್ಣು. ನಮ್ಮ ಗೋಧಿ, ಕಪ್ಪು ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣದು. ಪಕ್ಕದ ಚರ್ಮಕ್ಕಿಂತ ಬಿಸಿಯೇ, ಗಟ್ಟಿಯೇ ಎಂದು ಮುಟ್ಟಿಯೇ ತಿಳಿಯಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವಾಗ ಪೂರ್ತಿ ಪಕ್ಕಕ್ಕೆ ಹೊರಳಿಸದೆ 30 ಡಿಗ್ರಿಯಷ್ಟು ಓರೆಮಾಡಿ ಬೆನ್ನಿಗೆ ದಿಂಬು ಕೊಡುವುದು, ಮೀನಖಂಡದ ಅಡಿ ಇನ್ನೊಂದು ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ತೇಲಿಸುವುದು. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈಹಾಕಿ ಎಳೆಯಬಾರದು. ಇಬ್ಬರು ನಿಂತು ಅಡಿಯ ಶೀಟು ಹಿಡಿದು ಎತ್ತಬೇಕು. ಈ ಹುಣ್ಣಿನ ಅಪಾಯ ಅಳೆಯುವ ಬ್ರೇಡನ್ ಮಾಪಕದಲ್ಲಿ 6ರಿಂದ 23ರವರೆಗೆ ಅಂಕ. 18 ಅಥವಾ ಕಡಿಮೆ ಬಂದರೆ ಎಚ್ಚರ. ಮಳೆಗಾಲದಲ್ಲಿ ಒಗೆದ ಶೀಟು, ಲಂಗ, ಸೀರೆ ಎರಡು ದಿನವಾದರೂ ಒಣಗದ ಊರು ನಮ್ಮದು. ಅರೆ ಒಣಗಿದ ಬಟ್ಟೆ ಹಾಸಿದರೆ ಬೇರೆಲ್ಲ ಸರಿಮಾಡಿಯೂ ಚರ್ಮ ಕೈಕೊಡುತ್ತದೆ.

ಬಾಯಿಯ ವಿಚಾರ ಪಠ್ಯಪುಸ್ತಕದಲ್ಲಿ ಸಿಗುವುದಕ್ಕಿಂತ ಇಲ್ಲಿ ಜಟಿಲ. ಐವತ್ತು ವರ್ಷ ಎಲೆ-ಅಡಿಕೆ ಹಾಕಿದವರ ಕೆನ್ನೆಯ ಒಳಪದರ ಬಿರುಸಾಗಿ, ಬಾಯಿ ಪೂರ್ತಿ ತೆರೆಯದಂತಾಗಿರಬಹುದು. ಸಾಮಾನ್ಯವಾಗಿ ಅವರದೇ ಮೂರು ಬೆರಳು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಹಿಡಿಸಬೇಕು. ಒಂದೇ ಬೆರಳು ಹೋಗುವವರೂ ಇದ್ದಾರೆ. ಅಂಥವರ ಬಗ್ಗೆ 'ಬಾಯಿ ತೆರೆಯಲು ಒಪ್ಪುತ್ತಿಲ್ಲ' ಎಂದು ನೋಟ್ಸಿನಲ್ಲಿ ಬರೆದರೆ ಅದು ಅನ್ಯಾಯ. ಮಾತ್ರೆ ಕೊಡುವ ಮುನ್ನ ಕೆನ್ನೆಯ ಸಂದಿಯಲ್ಲಿ ಅಡಿಕೆ ಉಳಿದಿದೆಯೇ ಎಂದು ನೋಡಿ, ಬಾಯಿ ಮುಕ್ಕಳಿಸಿ, ನೆಟ್ಟಗೆ ಕೂರಿಸಿ, ಚಿಕ್ಕ ಚಮಚದಲ್ಲಿ ಒಂದೊಂದೇ ತುತ್ತು ಕೊಟ್ಟು, ನುಂಗಿದ್ದನ್ನು ಗಂಟಲಿನ ಚಲನೆಯಲ್ಲಿ ನೋಡಿಯೇ ಮುಂದಿನದು. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಬಾಯೊಳಗೆ ಬಿಳಿ ಮಚ್ಚೆ, ಮಾಯದ ಹುಣ್ಣು ಕಂಡರೆ ವೈದ್ಯರಿಗೆ ತೋರಿಸಬೇಕು. ಕ್ಯಾನ್ಸರನ್ನು ಮೊದಲು ಕಾಣುವುದು ಹೀಗೆ ಬಾಯಿ ತೊಳೆಸುವ ಕೈಯೇ ಆಗಿರಬಹುದು.

ಏನೆಂದು ಕರೆಯುವುದು

ಹೊರದೇಶದ ಪುಸ್ತಕಗಳು ರೋಗಿಯನ್ನು 'ಅಜ್ಜಿ' ಎಂದು ಕರೆಯಬೇಡಿ ಎನ್ನುತ್ತವೆ. ಮಲೆನಾಡಿನಲ್ಲಿ ಆ ನಿಯಮ ಹಾಗೇ ನಡೆಯುವುದಿಲ್ಲ. ಇಲ್ಲಿ 'ಅಜ್ಜಿ' ಸಲಿಗೆಯ ಜೊತೆಗೆ ಮರ್ಯಾದೆಯೂ ಹೌದು. ಕೆಡುವುದು ಕ್ರಿಯಾಪದದಲ್ಲಿ. 'ಅಜ್ಜಿ, ಸ್ವಲ್ಪ ಬಾಯಿ ತೆರೀರಿ' ಎಂಬುದಕ್ಕೂ 'ಏಯ್ ಅಜ್ಜಿ, ಬಾಯಿ ತೆಗಿ' ಎಂಬುದಕ್ಕೂ ಇರುವ ದೂರ ಹಾಸಿಗೆಯಲ್ಲಿರುವವರಿಗೆ ಚೆನ್ನಾಗಿ ಗೊತ್ತು. ಮಗುವಿಗೆ ಮಾತಾಡಿಸಿದಂತೆ ರಾಗ ಎಳೆದು ಮಾತಾಡಿದರೆ ಮರೆವಿನ ಕಾಯಿಲೆಯವರು ಆರೈಕೆಗೆ ಹೆಚ್ಚು ಪ್ರತಿರೋಧ ತೋರುತ್ತಾರೆ ಎಂಬುದು ಅಧ್ಯಯನಗಳಲ್ಲೂ ಕಂಡಿದೆ. ಕಿವಿ ಮಂದವಾದವರ ಹತ್ತಿರ ಕಿರುಚಬಾರದು. ಎದುರಿಗೆ ಕೂತು, ತುಟಿ ಕಾಣುವಂತೆ ಮಾಸ್ಕ್ ಸರಿಸಲು ಆಗುವುದಾದರೆ ಸರಿಸಿ, ತಗ್ಗಿದ ದನಿಯಲ್ಲಿ ನಿಧಾನವಾಗಿ ಹೇಳಬೇಕು.

ಕಷ್ಟದ ಮಾತೊಂದನ್ನೂ ಹೇಳಬೇಕು. 'ನೀನು ಯಾರ ಪೈಕಿ ಹುಡುಗಿ?' ಎಂದು ಜಾತಿ ಕೇಳುವ ಹಿರಿಯರಿದ್ದಾರೆ, ಇವಳ ಕೈಯಲ್ಲಿ ನೀರು ಬೇಡ ಎನ್ನುವವರೂ ಇದ್ದಾರೆ. ಹದಿನೆಂಟರ ವಿದ್ಯಾರ್ಥಿನಿಗೆ ಆ ಗಾಯ ಬೇಗ ಮಾಯುವುದಿಲ್ಲ. ಸಹಿಸಿಕೋ ಎಂದು ಅವಳನ್ನು ಒಂಟಿಯಾಗಿ ಬಿಡುವುದು ಕಾಲೇಜಿನ ತಪ್ಪು. ಬೋಧಕರು ಅಲ್ಲೇ ಹಾಸಿಗೆಯ ಪಕ್ಕ ನಿಂತು 'ಇಲ್ಲಿ ನಿಮ್ಮನ್ನು ನೋಡಿಕೊಳ್ಳುವುದು ಇವರೇ' ಎಂದು ಹೇಳಬೇಕು.

ಯಾವುದು ಮೊದಲು

ಪೋಸ್ಟಿಂಗ್‌ನ ಕ್ರಮ ಬದಲಿಸಿದರೆ ಖರ್ಚಿಲ್ಲದೆ ಬಹಳ ಬದಲಾಗುತ್ತದೆ. ಈಗ ಹೆಚ್ಚಿನ ವಿದ್ಯಾರ್ಥಿಗಳು ಕೆಲಸದ ಕಣ್ಣಿನಿಂದ ಮೊದಲು ನೋಡುವ ಹಿರಿಯರು ಹಾಸಿಗೆ ಹಿಡಿದವರು. ಮುಪ್ಪು ಎಂದರೆ ಇದೇ ಎಂಬ ಚಿತ್ರ ಅಲ್ಲೇ ಅಚ್ಚೊತ್ತುತ್ತದೆ. ಸಮುದಾಯ ಆರೋಗ್ಯದ ಪೋಸ್ಟಿಂಗ್ ಅನ್ನು ಅಡಿಕೆ ಸುಗ್ಗಿಯ ದಿನಗಳಿಗೆ ಹೊಂದಿಸಿ, ಜಗಲಿಯಲ್ಲಿ ಕೂತು ಮೊಮ್ಮಕ್ಕಳಿಗಿಂತ ವೇಗವಾಗಿ ಅಡಿಕೆ ಸುಲಿಯುವ ಎಪ್ಪತ್ತೈದರ ಅಜ್ಜಿಯಿಂದ ಪಾಠ ಶುರುಮಾಡಿ. ಅವರ ಬಿ.ಪಿ.ಯನ್ನು ಐದು ನಿಮಿಷ ಮಲಗಿಸಿ ಒಮ್ಮೆ, ಎದ್ದು ನಿಂತ ಒಂದು ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಲಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬೀಳುವ ಅಪಾಯವಿದೆ. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರಲು 12 ಸೆಕೆಂಡಿಗೆ ಹೆಚ್ಚು ಹಿಡಿದರೂ ಹಾಗೇ. ನಂತರ ವಾರ್ಡಿನಲ್ಲಿ ಒಬ್ಬ ವಿದ್ಯಾರ್ಥಿಗೆ ಒಬ್ಬರೇ ಹಿರಿಯರನ್ನು ಐದು ದಿನ ಬಿಡದೆ ಒಪ್ಪಿಸಬೇಕು. ದಿನಕ್ಕೊಂದು ಬೆಡ್ ಬದಲಿಸಿದರೆ ಉಳಿಯುವುದು ನಂಬರ್ ಮಾತ್ರ.

ಮುಪ್ಪಿನ ಅನುಭವ ಕೊಡುವ ಪ್ರಯೋಗಗಳೂ ಅಗ್ಗದವೇ. ಚಪ್ಪಲಿಯೊಳಗೆ ತೊಗರಿಬೇಳೆ, ಕಿವಿಗೆ ಹತ್ತಿ, ವ್ಯಾಸಲೀನ್ ಸವರಿದ ಕನ್ನಡಕ, ಎರಡು ಜೊತೆ ಗ್ಲೌಸ್. ಹೀಗೆ ಮಾತ್ರೆಯ ಪಟ್ಟಿ ಬಿಚ್ಚಿ, ಮೆಟ್ಟಿಲು ಇಳಿದು ಬರಲಿ. ಆದರೆ ಆಮೇಲೆ ಅರ್ಧ ಗಂಟೆ ಕೂತು ಮಾತಾಡದಿದ್ದರೆ ಕರುಣೆಯ ಬದಲು ಮುಪ್ಪಿನ ಭಯವೇ ಉಳಿಯುತ್ತದೆ.

ಅಂಕವೂ ಇದಕ್ಕೆ ತಕ್ಕಂತೆ ಬೀಳಬೇಕು. ಡಿಸ್ಚಾರ್ಜ್ ದಿನದ ಕೇರ್ ಪ್ಲಾನಿನಲ್ಲಿ 'ಬೀಳದಂತೆ ಎಚ್ಚರ ವಹಿಸಲು ತಿಳಿಸಲಾಯಿತು' ಎಂದು ಬರೆದವರಿಗೆ ಸೊನ್ನೆ. ಹಾಸಿಗೆಯಿಂದ ಬಚ್ಚಲಿಗೆ ಎಷ್ಟು ಹೆಜ್ಜೆ, ನಡುವೆ ಎಷ್ಟು ಎತ್ತರದ ಹೊಸ್ತಿಲು, ರಾತ್ರಿ ಕರೆಂಟು ಹೋದರೆ ಟಾರ್ಚು ಕೈಗೆಟಕುತ್ತದೆಯೇ, ಅಂಗಳದ ಹಾವಸೆಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುವವರು ಯಾರು, ಜಾರದಂತೆ ಅಡಿಕೆಯ ಸೋಗೆ ಹಾಸಿದ್ದಾರೆಯೇ, ಮಗ ಊರಲ್ಲಿಲ್ಲದಿದ್ದರೆ ಪಕ್ಕದ ಮನೆಯ ಯಾರ ನಂಬರು ಮತ್ತು ಹಿರಿಯರ ಸಹಾಯವಾಣಿ 14567 ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದೆಯೇ ಎಂದು ಕೇಳಿ ಬರೆದವರಿಗೆ ಪೂರ್ತಿ ಹತ್ತು.